ಅಮೆರಿಕದಲ್ಲಿ ಹೈಬ್ರಿಡ್ ಹಾಸಿಗೆ ಕೊಳ್ಳುವ ಮುಂಚೆ ವಾರಂಟಿ ಕಾಗದ ಓದಿ

ಅಮೆರಿಕಕ್ಕೆ ಹೊಸದಾಗಿ ಬಂದವರು ಕಾರು ಕೊಳ್ಳುವ ಮುಂಚೆ ಹತ್ತು ಜನರನ್ನು ವಿಚಾರಿಸುತ್ತಾರೆ. ಹಾಸಿಗೆ ಕೊಳ್ಳುವಾಗ ಯಾರನ್ನೂ ಕೇಳುವುದಿಲ್ಲ. ಖಾಲಿ ಅಪಾರ್ಟ್‌ಮೆಂಟ್, ನೆಲದ ಮೇಲೆ ಗಾಳಿ ಹಾಸಿಗೆ, ಬೆಳಗಾದರೆ ಆಫೀಸು. ಹಾಗಾಗಿ ಭಾನುವಾರ ಅಂಗಡಿಗೆ ಹೋಗಿ, ಎರಡು ನಿಮಿಷ ಮಲಗಿ ನೋಡಿ, "20 ವರ್ಷ ವಾರಂಟಿ ಇದೆ" ಅಂದ ಮಾತಿಗೆ ಕಾರ್ಡ್ ಕೊಟ್ಟುಬಿಡುತ್ತಾರೆ. ಎರಡು ಮೂರು ವರ್ಷದಲ್ಲಿ ಮಲಗುವ ಜಾಗದಲ್ಲಿ ಗುಳಿ ಬೀಳುತ್ತದೆ. ಆಗ ಫೋನ್ ಮಾಡಿ ಏನು ಮಾಡೋದು ಅಂತ ಕೇಳುತ್ತಾರೆ. ಅಷ್ಟರಲ್ಲಿ ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರುವುದಿಲ್ಲ.

ಇಲ್ಲಿ ಹಾಸಿಗೆಯ ಅಳತೆಗಳಿಗೆ ಚಿಕ್ಕದರಿಂದ ದೊಡ್ಡದಕ್ಕೆ ಟ್ವಿನ್, ಫುಲ್, ಕ್ವೀನ್, ಕಿಂಗ್ ಅಂತ ಹೆಸರು. ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ: ಕ್ಯಾಲಿಫೋರ್ನಿಯಾ ಕಿಂಗ್ ಅನ್ನೋದು ಕಿಂಗ್‌ಗಿಂತ ದೊಡ್ಡದಲ್ಲ. ಕಿಂಗ್ 76 ಇಂಚು ಅಗಲ, 80 ಇಂಚು ಉದ್ದ. ಕ್ಯಾಲಿಫೋರ್ನಿಯಾ ಕಿಂಗ್ 72 ಇಂಚು ಅಗಲ, 84 ಇಂಚು ಉದ್ದ. ಪಕ್ಕದಲ್ಲಿ ಮಗು ಮಲಗುವ ಮನೆಗೆ ಅಗಲ ಬೇಕು, ಉದ್ದ ಅಲ್ಲ.

ಸವೆಯುವುದು ಮೇಲಿನ ಫೋಮ್

ಹೈಬ್ರಿಡ್ ಅಂದರೆ ಕೆಳಗೆ ಸ್ಪ್ರಿಂಗ್, ಮೇಲೆ ಫೋಮ್ ಅಥವಾ ಲ್ಯಾಟೆಕ್ಸ್ (ರಬ್ಬರ್). ಸ್ಪ್ರಿಂಗ್‌ಗಳು ಒಂದೊಂದೂ ಬಟ್ಟೆಯ ಪುಟ್ಟ ಚೀಲದಲ್ಲಿ ಇರುತ್ತವೆ. ಒಬ್ಬರು ಮಗ್ಗಲು ಬದಲಿಸಿದರೆ ಇನ್ನೊಬ್ಬರಿಗೆ ಅಷ್ಟಾಗಿ ಗೊತ್ತಾಗದೇ ಇರುವುದು ಇದರಿಂದಲೇ. ಸ್ಪ್ರಿಂಗ್ ನಡುವೆ ಗಾಳಿ ಆಡುವುದರಿಂದ ಪೂರ್ತಿ ಫೋಮ್ ಹಾಸಿಗೆಯಷ್ಟು ಸೆಖೆಯೂ ಆಗುವುದಿಲ್ಲ. ಒಳ್ಳೆಯ ಜೋಡಣೆ. ನನಗೆ ಇಷ್ಟವೂ ಹೌದು.

ಆದರೆ ಜಾಹೀರಾತು ನೋಡಿ. ಸಾವಿರ ಸ್ಪ್ರಿಂಗ್, ಎರಡು ಸಾವಿರ ಸ್ಪ್ರಿಂಗ್ ಅಂತ ಎಣಿಸಿ ಹೇಳುತ್ತಾರೆ. ಮೇಲಿನ ಪದರದಲ್ಲಿ ಹೆಬ್ಬೆರಳಿನಷ್ಟು ಎತ್ತರದ ಸಣ್ಣ ಸ್ಪ್ರಿಂಗ್‌ಗಳನ್ನು ತುಂಬಿದರೆ ಲೆಕ್ಕ ಸುಲಭವಾಗಿ ಏರುತ್ತದೆ. ಸ್ಪ್ರಿಂಗ್ ಉಕ್ಕಿನದು, ಅದು ಬೇಗ ಸೋಲುವುದಿಲ್ಲ. ಮೊದಲು ಸೋಲುವುದು ಅದರ ಮೇಲಿನ ಎರಡು ಮೂರು ಇಂಚು ಫೋಮ್. ಆ ಫೋಮ್ ಎಂಥದ್ದು ಅಂತ ಜಾಹೀರಾತಿನಲ್ಲಿ ಬಹಳ ಸಲ ಇರುವುದೇ ಇಲ್ಲ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಫೋಮ್‌ನ ಡೆನ್ಸಿಟಿ ಎಷ್ಟು ಅಂತ. ಒಂದು ಘನ ಅಡಿ ಫೋಮ್ ಎಷ್ಟು ಪೌಂಡ್ ತೂಗುತ್ತದೆ ಅನ್ನೋದೇ ಡೆನ್ಸಿಟಿ. ಮಾಮೂಲಿ ಪಾಲಿ (ಪಾಲಿಯುರೆಥೇನ್) ಫೋಮ್ ಆದರೆ 1.8 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇರಲಿ. 1.5ರ ಹತ್ತಿರ ಇದ್ದರೆ ಅತಿಥಿಗಳ ಕೋಣೆಗೆ ಸಾಕು, ದಿನಾ ಮಲಗುವುದಕ್ಕೆ ಬೇಡ. ಮೈಯ ಆಕಾರಕ್ಕೆ ನಿಧಾನವಾಗಿ ಇಳಿಯುವ ಮೆಮೊರಿ ಫೋಮ್ ಆದರೆ 4 ಪೌಂಡ್ ಆದರೂ ಇರಬೇಕು. ಮೈತೂಕ ಜಾಸ್ತಿ ಇರುವವರು ಇದಕ್ಕಿಂತ ಮೇಲೆ ನೋಡಬೇಕು. ಡೆನ್ಸಿಟಿಗೂ ಹಾಸಿಗೆ ಗಟ್ಟಿ ಇರುವುದಕ್ಕೂ ಸಂಬಂಧ ಇಲ್ಲ. ಅಗ್ಗದ ಫೋಮ್ ಅಂಗಡಿಯಲ್ಲಿ ಗಟ್ಟಿಯಾಗಿಯೇ ಇರುತ್ತದೆ, ಮನೆಗೆ ಬಂದ ಕೆಲವು ತಿಂಗಳಿಗೆ ಮೆತ್ತಗಾಗುತ್ತದೆ.

ಎರಡನೆಯದು ಸ್ಪ್ರಿಂಗ್ ತಂತಿಯ ಗೇಜ್. ಸಂಖ್ಯೆ ಕಡಿಮೆ ಆದಷ್ಟೂ ತಂತಿ ದಪ್ಪ. 13 ಅಥವಾ 14 ಗೇಜ್ ತಂತಿ 16 ಗೇಜ್‌ಗಿಂತ ಗಟ್ಟಿ. ಅಂಚಿನ ಸಾಲಿಗೆ ಬೇರೆ ದಪ್ಪ ಸ್ಪ್ರಿಂಗ್ ಹಾಕಿದ್ದಾರಾ ಅಂತಲೂ ಕೇಳಿ. ಇಲ್ಲದಿದ್ದರೆ ಹಾಸಿಗೆಯ ಅಂಚಿನಲ್ಲಿ ಕೂತು ಶೂ ಹಾಕಿಕೊಳ್ಳುವಾಗ ಜಾರುತ್ತದೆ. ವಯಸ್ಸಾದ ಅಪ್ಪ ಅಮ್ಮ ಬಂದು ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಪದರಗಳ ಪಟ್ಟಿ ಮೇಲಿನಿಂದ ಕೆಳಗಿನವರೆಗೆ ಬರೆದು ಕೊಡಿ ಅಂತ ಇಮೇಲ್ ಮಾಡಿ. ಪದರದ ಹೆಸರು, ದಪ್ಪ, ಡೆನ್ಸಿಟಿ, ಇಷ್ಟು ಸಾಕು. "ಅದು ನಮ್ಮ ಕಂಪನಿಯ ಗುಟ್ಟು" ಅಂತ ಉತ್ತರ ಬಂದರೆ ನಾನು ಆ ಹಾಸಿಗೆಯನ್ನು ಅಲ್ಲಿಗೇ ಬಿಡುತ್ತೇನೆ. ಒಳಗೆ ಏನಿದೆ ಅಂತ ಹೇಳದ ವಸ್ತುವಿಗೆ ಸಾವಿರಾರು ಡಾಲರ್ ಯಾಕೆ ಕೊಡಬೇಕು? ಸರ್ಟಿಪೂರ್-ಯುಎಸ್ ಅನ್ನುವ ಮುದ್ರೆ ತೋರಿಸಿ ಸಮಾಧಾನ ಮಾಡಲು ನೋಡುತ್ತಾರೆ. ಅದು ಇರುವುದು ಒಳ್ಳೆಯದೇ. ಕೆಲವು ಹಾನಿಕರ ರಾಸಾಯನಿಕಗಳನ್ನು ಬಳಸಿಲ್ಲ ಅಂತ ಅದು ಹೇಳುತ್ತದೆ. ಆದರೆ ಅದು ಫೋಮ್‌ಗೆ ಮಾತ್ರ ಸಂಬಂಧಿಸಿದ್ದು, ಹೊದಿಕೆಗೆ ಅಲ್ಲ. ನಿಮ್ಮ ಹಾಸಿಗೆಯ ಫೋಮ್ 1.5 ಪೌಂಡೋ 2 ಪೌಂಡೋ ಅಂತ ಆ ಮುದ್ರೆ ನೋಡಿ ತಿಳಿಯುವುದಿಲ್ಲ.

ಅಂಗಡಿಯಲ್ಲಿ ಮಲಗಿ ನೋಡುವುದು ತಪ್ಪಲ್ಲ. ನೀವು ನಿಜವಾಗಿ ಮಲಗುವ ಭಂಗಿಯಲ್ಲೇ ಹತ್ತು ಹದಿನೈದು ನಿಮಿಷ ಮಲಗಿ. ನಿಮ್ಮ ದಿಂಬನ್ನೇ ತೆಗೆದುಕೊಂಡು ಹೋಗಿ. ಮಗ್ಗುಲಾಗಿ ಮಲಗುವವರ ಭುಜ ಸ್ವಲ್ಪ ಒಳಗೆ ಇಳಿಯಬೇಕು. ಬೋರಲು ಮಲಗುವವರ ಸೊಂಟ ಇಳಿಯಬಾರದು. ಇಷ್ಟು ತಿಳಿಯುತ್ತದೆ. ಹಾಸಿಗೆ ಎಷ್ಟು ವರ್ಷ ಬಾಳುತ್ತದೆ ಅನ್ನೋದು ಮಾತ್ರ ಅಂಗಡಿಯಲ್ಲಿ ತಿಳಿಯುವುದಿಲ್ಲ.

ವಾರಂಟಿ ಅನ್ನುವ ಬಲೆ

ನಮ್ಮ ಜನ ಹಣ ಕಳೆದುಕೊಳ್ಳುವುದು ಇಲ್ಲೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಾರಂಟಿ ಅಂದರೆ "20 ವರ್ಷ ಚೆನ್ನಾಗಿ ಇರುತ್ತದೆ" ಅಂತ ನಾವು ಅಂದುಕೊಳ್ಳುತ್ತೇವೆ. ಕಾಗದದಲ್ಲಿ ಇರುವುದೇ ಬೇರೆ. ತಯಾರಿಕೆಯ ದೋಷ ಇದ್ದರೆ ಮಾತ್ರ ಅದು ಅನ್ವಯ. ಫೋಮ್ ಮೆತ್ತಗಾಯಿತು, ಮೊದಲಿನ ಹಾಗೆ ಬೆನ್ನಿಗೆ ಆಧಾರ ಇಲ್ಲ ಅಂದರೆ ಅದು ಸಹಜ ಸವೆತ ಅಂತ ಪಕ್ಕಕ್ಕೆ ಇಡುತ್ತಾರೆ. ಗುಳಿ ಬಿದ್ದಿದೆ ಅಂದರೆ ಅದರ ಆಳ ಇಷ್ಟು ಇರಬೇಕು ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ 1 ಇಂಚು, ಎಷ್ಟೋ ಕಡೆ 1.5 ಇಂಚು.

ಈಗ ಅಳೆಯುವ ರೀತಿ ನೋಡಿ. ಹಾಸಿಗೆಯ ಮೇಲೆ ಯಾರೂ ಮಲಗಿರಬಾರದು. ಅಂಚಿನಿಂದ ಅಂಚಿಗೆ ನೇರವಾದ ಪಟ್ಟಿ ಇಟ್ಟು, ಅಥವಾ ದಾರ ಎಳೆದು, ಅದರ ಕೆಳಗಿನ ಗುಳಿಯನ್ನು ಅಳೆಯುತ್ತಾರೆ. ಸೋತ ಫೋಮ್ ಭಾರ ಬಿದ್ದಾಗ ಮೂರು ಇಂಚು ಕುಸಿಯಬಹುದು. ಭಾರ ತೆಗೆದರೆ ಬಹಳ ಮಟ್ಟಿಗೆ ಮೇಲೇಳುತ್ತದೆ. ಹಾಗಾಗಿ ರಾತ್ರಿ ನಿಮ್ಮ ಸೊಂಟ ಕಂಡ ಗುಳಿ ಹಗಲು ಅಳೆಯಲು ಬಂದವರಿಗೆ ಕಾಣುವುದಿಲ್ಲ.

ನಮಗೆ ಪರಿಚಯದ ಗಂಡ ಹೆಂಡತಿ ಒಂದು ದೊಡ್ಡ ಅಂಗಡಿಯಲ್ಲಿ ದುಬಾರಿ ಹೈಬ್ರಿಡ್ ತೆಗೆದುಕೊಂಡಿದ್ದರು. ಮೂರು ವರ್ಷ ಆಗುವ ಮೊದಲೇ ಇಬ್ಬರೂ ಮಲಗುವ ಕಡೆ ತಗ್ಗಾಯಿತು, ನಡುವೆ ದಿಬ್ಬ ಉಳಿಯಿತು. ದೂರು ಕೊಟ್ಟ ಮೇಲೆ ಪರೀಕ್ಷೆಗೆ ಒಬ್ಬರು ಬಂದರು. ಗುಳಿ 1.5 ಇಂಚಿಗೆ ಸ್ವಲ್ಪ ಕಡಿಮೆ ಬಂತು. ಅಲ್ಲಿಗೆ ಮುಗಿಯಿತು. ಆ ಮನೆಯಾಕೆ ಗರ್ಭಿಣಿ, ರಾತ್ರಿ ಸೋಫಾದ ಮೇಲೆ ಮಲಗುತ್ತಿದ್ದರು. ಅದನ್ನು ಅಳೆಯುವ ಪಟ್ಟಿ ಯಾವ ಕಂಪನಿಯ ಹತ್ತಿರವೂ ಇಲ್ಲ.

ಆಳ ಸಾಕಷ್ಟು ಇದ್ದರೂ ಬೇರೆ ಮೂರು ಕಾರಣಕ್ಕೆ ದೂರು ಬಿದ್ದುಹೋಗುತ್ತದೆ.

ಒಂದು, ಕಲೆ. ಹಾಸಿಗೆಯ ಮೇಲೆ ಕಾಫಿಯದೋ, ಮಗು ಒದ್ದೆ ಮಾಡಿದ್ದೋ, ಯಾವ ಕಲೆ ಇದ್ದರೂ ಅದು ಅನಾರೋಗ್ಯಕರ ಅಂತ ನೋಡುವುದನ್ನೇ ನಿರಾಕರಿಸಬಹುದು. ಕಲೆಗೂ ಗುಳಿಗೂ ಸಂಬಂಧ ಇಲ್ಲ ಅಂತ ವಾದ ಮಾಡಿ ಪ್ರಯೋಜನ ಇಲ್ಲ, ಕಾಗದದಲ್ಲಿ ಬರೆದಿರುತ್ತದೆ. ಹಾಸಿಗೆ ಬಂದ ದಿನವೇ ಅದಕ್ಕೆ ನೀರು ಇಳಿಯದ ಪ್ರೊಟೆಕ್ಟರ್ (ಮೇಲ್ಹೊದಿಕೆ) ಹಾಕಿ.

ಎರಡು, ಕೆಳಗಿನ ಮಂಚ. ಹಾಸಿಗೆಗೆ ಹಣ ಸುರಿದು ಮಂಚಕ್ಕೆ ಉಳಿಸುವುದು ನಮ್ಮಲ್ಲಿ ಬಹಳ. ಮಂಚದ ಅಡ್ಡ ಪಟ್ಟಿಗಳ ನಡುವೆ 3, ಹೆಚ್ಚೆಂದರೆ 4 ಇಂಚಿಗಿಂತ ಜಾಸ್ತಿ ಅಂತರ ಇರಬಾರದು ಅಂತ ಬಹಳ ವಾರಂಟಿಗಳು ಹೇಳುತ್ತವೆ. ಕ್ವೀನ್ ಮತ್ತು ಕಿಂಗ್‌ಗೆ ನಡುವೆ ನೆಲ ಮುಟ್ಟುವ ಕಾಲು ಬೇಕೇ ಬೇಕು. ಹಿಂದಿನ ಬಾಡಿಗೆದಾರರು ಬಿಟ್ಟು ಹೋದ ಹಳೆಯ ಬಾಕ್ಸ್ ಸ್ಪ್ರಿಂಗ್ (ಹಾಸಿಗೆಯ ಕೆಳಗೆ ಇಡುವ, ಸ್ಪ್ರಿಂಗ್ ಇರುವ ಚೌಕಟ್ಟು) ಮೇಲೆ ಹೈಬ್ರಿಡ್ ಇಡಬೇಡಿ. ಅದು ಬಾಗುತ್ತದೆ, ಹಾಸಿಗೆಯೂ ಜೊತೆಗೆ ಬಾಗುತ್ತದೆ. ನೆಲದ ಮೇಲೆ ಹಾಸಿದರೆ ಅಡಿಯಲ್ಲಿ ತೇವ ನಿಂತು ಬೂಷ್ಟು ಹಿಡಿಯಬಹುದು, ವಾರಂಟಿಯೂ ಹೋಗಬಹುದು.

ಮೂರು, ಹಾಸಿಗೆಯ ಅಂಚಿಗೆ ಹೊಲಿದ ಚೀಟಿ. ಕೊಂಡವರ ಹೊರತು ಬೇರೆ ಯಾರೂ ಕಿತ್ತರೆ ಕಾನೂನಿನ ಶಿಕ್ಷೆ ಅಂತ ಅದರ ಮೇಲೆ ಬರೆದಿರುತ್ತದೆ. ಹಾಗಾದರೆ ನಾವು ಕೀಳಬಹುದು ಅಲ್ವಾ ಅಂತ ಕೀಳುತ್ತಾರೆ. ಕೀಳಬಹುದು ನಿಜ, ಆದರೆ ವಾರಂಟಿ ಕೇಳುವಾಗ ಆ ಚೀಟಿ ಬೇಕು ಅನ್ನುವ ಕಂಪನಿಗಳು ಬಹಳ.

ಇಷ್ಟೆಲ್ಲ ದಾಟಿ ಗೆದ್ದರೂ, ಹಾಸಿಗೆ ಸಾಗಿಸುವ ಖರ್ಚು ನಿಮ್ಮದೇ ಆಗಬಹುದು. 20 ವರ್ಷದ ವಾರಂಟಿಯಲ್ಲಿ ಕೆಲವು ವರ್ಷಗಳ ನಂತರ ಬೆಲೆಯ ಒಂದು ಪಾಲು ನೀವೇ ಕೊಡಬೇಕು ಅನ್ನುವ ಷರತ್ತು ಇದ್ದರೆ, ವರ್ಷ ಕಳೆದಂತೆ ಆ ಪಾಲು ಏರುತ್ತದೆ. ವರ್ಷದ ಸಂಖ್ಯೆ ನೋಡಿ ಹಾಸಿಗೆ ಆರಿಸಬೇಡಿ ಅಂತ ನಾನು ಅಷ್ಟು ಒತ್ತಿ ಹೇಳುವುದು ಇದಕ್ಕೇ.

ಒಂದು ಒಳ್ಳೆಯ ಸುದ್ದಿಯೂ ಇದೆ. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಮತ್ತು ಅದರ ಅಡಿಯ ನಿಯಮಗಳ ಪ್ರಕಾರ, 15 ಡಾಲರ್‌ಗಿಂತ ಹೆಚ್ಚು ಬೆಲೆಯ ವಸ್ತುವಿನ ಲಿಖಿತ ವಾರಂಟಿಯನ್ನು ಕೊಳ್ಳುವ ಮುಂಚೆಯೇ ಗಿರಾಕಿಗೆ ಓದಲು ಸಿಗುವಂತೆ ಮಾಡಬೇಕು. ಹಾಗಾಗಿ ಸಂಕೋಚ ಬೇಡ. "ವಾರಂಟಿ ಕಾಗದ ಕೊಡಿ, ಓದಿ ನಾಳೆ ಬರುತ್ತೇನೆ" ಅಂತ ಹೇಳಿ. ಗುಳಿಯ ಆಳ, ಕಲೆ, ಮಂಚ, ಈ ಮೂರು ಸಾಲು ಹುಡುಕಿ ಓದಿ. "ನಾಳೆ ಈ ಬೆಲೆ ಇರುವುದಿಲ್ಲ" ಅಂದರೆ ನಂಬಬೇಡಿ. ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ, ಮೇ ತಿಂಗಳ ಮೆಮೋರಿಯಲ್ ಡೇ, ಸೆಪ್ಟೆಂಬರಿನ ಲೇಬರ್ ಡೇ, ನವೆಂಬರಿನ ಬ್ಲ್ಯಾಕ್ ಫ್ರೈಡೇ, ರಿಯಾಯಿತಿ ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ.

ನೂರು ರಾತ್ರಿಯ ಟ್ರಯಲ್

ಸವೆತಕ್ಕೆ ವಾರಂಟಿ ಒದಗುವುದಿಲ್ಲ ಅಂದಮೇಲೆ ಉಳಿಯುವುದು ಎರಡೇ: ಕೊಳ್ಳುವ ಮುಂಚೆ ಡೆನ್ಸಿಟಿ, ಕೊಂಡ ಮೇಲೆ ಟ್ರಯಲ್. ಆನ್‌ಲೈನ್ ಕಂಪನಿಗಳು ನೂರು ರಾತ್ರಿ, ಕೆಲವು ಒಂದು ವರ್ಷದವರೆಗೂ ಟ್ರಯಲ್ ಕೊಡುತ್ತವೆ, ಅಂದರೆ ಮನೆಯಲ್ಲಿ ಮಲಗಿ ನೋಡಿ ಬೇಡವಾದರೆ ಹಿಂದೆ ಕೊಡುವ ಅವಕಾಶ. ಅದು ಕಂಪನಿಯವರು ಕೊಟ್ಟ ಮಾತು, ಅಮೆರಿಕದ ಕಾನೂನು ಕೊಟ್ಟ ಹಕ್ಕಲ್ಲ. ಮೂರು ಕೆಲಸದ ದಿನದೊಳಗೆ ರದ್ದು ಮಾಡಬಹುದು ಅನ್ನುವ ಫೆಡರಲ್ ನಿಯಮ ಒಂದಿದೆ. ಆದರೆ ಅದು ಮನೆಗೆ ಬಂದು ಮಾರುವವರಿಗೆ, ತಾತ್ಕಾಲಿಕ ಜಾಗದಲ್ಲಿ ಮಾರುವವರಿಗೆ ಸಂಬಂಧಿಸಿದ್ದು. ನೀವೇ ಅಂಗಡಿಗೆ ಹೋಗಿ ಕೊಂಡಿದ್ದಕ್ಕೆ ಅನ್ವಯಿಸುವುದಿಲ್ಲ.

ಟ್ರಯಲ್ ಕಾಗದದಲ್ಲಿ ನೋಡಬೇಕಾದ್ದು ರೀಫಂಡೋ ಎಕ್ಸ್‌ಚೇಂಜೋ ಅಂತ. "ಕಂಫರ್ಟ್ ಗ್ಯಾರಂಟಿ" ಅಂತ ಅಂಗಡಿಯವರು ಹೇಳುವುದು ಬಹಳ ಸಲ ಎಕ್ಸ್‌ಚೇಂಜ್. ಬೇರೆ ಹಾಸಿಗೆ ಕೊಡುತ್ತಾರೆ, ಹಣ ಕೊಡುವುದಿಲ್ಲ. ಅದೂ ಒಂದೇ ಸಲ, ಸಾಗಣೆ ಖರ್ಚು ಬೇರೆ. ಮೊದಲ 30 ರಾತ್ರಿ ಮಲಗಿಯೇ ತೀರಬೇಕು ಅನ್ನುವ ಷರತ್ತೂ ಇರಬಹುದು. ಅದು ನ್ಯಾಯವೇ, ಹೊಸ ಹಾಸಿಗೆಗೆ ಮೈ ಹೊಂದಿಕೊಳ್ಳಲು ಕೆಲವು ವಾರ ಬೇಕು.

ಈ ವಿಷಯದಲ್ಲಿ ಯುರೋಪಿನ ದಾರಿಯೇ ಮೇಲು ಅಂತ ನನ್ನ ಅಭಿಪ್ರಾಯ. ಅಲ್ಲಿ ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ಹಿಂದೆ ಕೊಡುವ ಹಕ್ಕನ್ನು ಕಾನೂನೇ ಕೊಡುತ್ತದೆ. ಪ್ಲಾಸ್ಟಿಕ್ ಹಾಳೆ ಬಿಚ್ಚಿದ ಹಾಸಿಗೆ ನೈರ್ಮಲ್ಯದ ಕಾರಣಕ್ಕೆ ವಾಪಸ್ ಇಲ್ಲ ಅಂತ ಜರ್ಮನಿಯ ಒಂದು ಪ್ರಕರಣದಲ್ಲಿ ಮಾರಿದವರು ವಾದ ಮಾಡಿದರು. 2019ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹಾಕಿ ನೋಡಿದ ಬಟ್ಟೆಯನ್ನು ಶುಚಿ ಮಾಡಿ ಮತ್ತೆ ಮಾರುವಂತೆ ಹಾಸಿಗೆಯನ್ನೂ ಮಾರಬಹುದು ಅಂತ ಹೇಳಿತು. 14 ದಿನ ಕಡಿಮೆ, ಒಪ್ಪುತ್ತೇನೆ. ಆದರೆ ಆ 14 ದಿನವನ್ನು ಸಣ್ಣ ಅಕ್ಷರದ ಷರತ್ತು ಬರೆದು ಯಾರೂ ಕಿತ್ತುಕೊಳ್ಳಲಾಗದು.

ಹೊದಿಕೆಯ ಜಿಪ್ ಬಿಚ್ಚುವ ಮುಂಚೆ

ಇದು ಎಚ್ಚರಿಕೆ. 2007ರ ಜುಲೈ 1ರಿಂದ ಅಮೆರಿಕದಲ್ಲಿ ಮಾರುವ ಹಾಸಿಗೆಗಳು ಬೆಂಕಿಯ ಪರೀಕ್ಷೆ ದಾಟಲೇಬೇಕು. ಒಳ್ಳೆಯ ನಿಯಮ. ಆದರೆ ಅದನ್ನು ಕಡಿಮೆ ಖರ್ಚಿನಲ್ಲಿ ದಾಟಲು ಕೆಲವರು ಹೊದಿಕೆಯ ಒಳಗೆ ಗಾಜಿನ ನೂಲಿನ ಪದರ ಹಾಕುತ್ತಾರೆ. ಹೊದಿಕೆಗೆ ಜಿಪ್ ಇರುತ್ತದೆ. ಜಿಪ್ ಇದೆ ಅಂದಮೇಲೆ ಒಗೆಯಬಹುದು ಅಂತ ಒಬ್ಬ ಹುಡುಗ ಬಿಚ್ಚಿ ವಾಷಿಂಗ್ ಮೆಷಿನ್‌ಗೆ ಹಾಕಿದ. ಗಾಜಿನ ಸಣ್ಣ ಎಳೆಗಳು ಮೆಷಿನ್, ಕಾರ್ಪೆಟ್, ಬಟ್ಟೆ ಎಲ್ಲದಕ್ಕೂ ಹರಡಿದವು. ಮೈಯೆಲ್ಲ ತುರಿಕೆ. ಬಟ್ಟೆಗಳನ್ನು ಎಸೆಯಬೇಕಾಯಿತು, ಮನೆ ಶುಚಿ ಮಾಡಿಸಿದ ಖರ್ಚು ಹಾಸಿಗೆಯ ಬೆಲೆಯನ್ನೇ ಮೀರಿತು.

ಅಂಚಿನ ಚೀಟಿಯಲ್ಲಿ ಒಳಗಿನ ಸಾಮಗ್ರಿಗಳ ಪಟ್ಟಿ ಇರುತ್ತದೆ. ಗ್ಲಾಸ್ ಫೈಬರ್ ಅಥವಾ ಫೈಬರ್‌ಗ್ಲಾಸ್ ಅಂತ ಕಂಡರೆ ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿದ್ದರೆ ಜಿಪ್ ಮುಟ್ಟಬೇಡಿ, ಪೂರ್ತಿ ಸುತ್ತುವ ಪ್ರೊಟೆಕ್ಟರ್ ಒಳಗೆ ಹಾಕಿಬಿಡಿ. ಇಂಥ ಹಾಸಿಗೆ ಮಾರುವುದನ್ನು ಕ್ಯಾಲಿಫೋರ್ನಿಯಾ 2027ರ ಜನವರಿ 1ರಿಂದ ಕಾನೂನಿನಲ್ಲೇ ನಿಷೇಧಿಸಿದೆ. ಈ ಒಂದು ವಿಷಯದಲ್ಲಿ ಆ ರಾಜ್ಯವನ್ನು ಮನಸಾರೆ ಮೆಚ್ಚುತ್ತೇನೆ.

ಹಾಸಿಗೆ ಮನೆಗೆ ಬಂದ ದಿನ ಚೀಟಿಯ ಫೋಟೋ, ಮಂಚದ ಪಟ್ಟಿಗಳ ಫೋಟೋ, ರಸೀದಿಯ ಫೋಟೋ ತೆಗೆದು ಒಂದೇ ಕಡೆ ಇಡಿ. ಟ್ರಯಲ್ ಮುಗಿಯುವ ದಿನಕ್ಕೆ ಎರಡು ವಾರ ಮುಂಚೆ ಫೋನಿನಲ್ಲಿ ರಿಮೈಂಡರ್ ಹಾಕಿ. ಆ ಎರಡು ವಾರ ಬೇಕೇ ಬೇಕು, ಯಾಕೆಂದರೆ ಸ್ಪ್ರಿಂಗ್ ಇರುವ ಹಾಸಿಗೆಯನ್ನು ಬಂದ ಪೆಟ್ಟಿಗೆಗೆ ಮತ್ತೆ ಮಡಚಿ ತುಂಬಲು ಆಗುವುದಿಲ್ಲ. ಅವರೇ ಜನ ಕಳಿಸಿ ಒಯ್ಯಬೇಕು, ಅದಕ್ಕೆ ದಿನ ಸಿಗುವುದು ತಡವಾಗುತ್ತದೆ.