ಚೆನ್ನೈ ಬಂದರಿನಿಂದ ಮೂರು ದಿನದೊಳಗೆ ಸೇಬು ಬಿಡಿಸಿಕೊಂಡ ಬಗೆ: ನನ್ನ ಅನುಭವ

ಕಳೆದ ಹಂಗಾಮಿನಲ್ಲಿ ನಾನು ವಿದೇಶದಿಂದ ಚೆನ್ನೈ ಮೂಲಕ ತರಿಸಿದ ಹದಿನಾಲ್ಕು ರೀಫರ್ (ಒಳಗೆ ತಂಪು ಕಾಯುವ) ಕಂಟೇನರ್‌ಗಳ ಪೈಕಿ ಹನ್ನೆರಡು, ಹಡಗಿನಿಂದ ಇಳಿದ ಮೂರನೆಯ ದಿನದೊಳಗೆ ಬಿಡುಗಡೆಯಾಗಿ ಬೆಂಗಳೂರಿನ ಸಿಂಗೇನ ಅಗ್ರಹಾರದ ಹಣ್ಣಿನ ಮಂಡಿಗೆ ಬಂದು ಸೇರಿದವು. ಉಳಿದ ಎರಡರಲ್ಲಿ ಒಂದಕ್ಕೆ ನಾಲ್ಕು ದಿನ, ಇನ್ನೊಂದಕ್ಕೆ ಐದು ದಿನ ಹಿಡಿಯಿತು. ಇದು ಆಗದ ಕೆಲಸ ಎಂದು ನಮ್ಮ ಮಂಡಿಯಲ್ಲೇ ಹಲವರು ಹೇಳಿದ್ದರು. ಏಳೆಂಟು ದಿನ ಹಿಡಿಯುವುದು ಈ ವ್ಯಾಪಾರದ ಸಹಜ ಖರ್ಚು, ಅದನ್ನು ದರದಲ್ಲಿ ಸೇರಿಸಿಕೊಳ್ಳಬೇಕಷ್ಟೇ ಎಂಬುದು ಅವರ ವಾದವಾಗಿತ್ತು. ಈಗ ಅವರಲ್ಲಿ ಇಬ್ಬರು ತಮ್ಮ ಕಾಗದಗಳನ್ನು ಹಡಗು ಹೊರಡುವ ಮೊದಲೇ ನನಗೆ ತೋರಿಸಲು ಕಳುಹಿಸುತ್ತಾರೆ. ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಈ ಪಾಠ ಕಲಿಸಿದ್ದು 2018ರ ಡಿಸೆಂಬರ್‌ನಲ್ಲಿ ಬಂದ ಒಂದು ಕಂಟೇನರ್. ವಾಷಿಂಗ್ಟನ್ ರಾಜ್ಯದ ರೆಡ್ ಡೆಲಿಷಿಯಸ್, ಸಾವಿರದ ನಲವತ್ತರ ಆಸುಪಾಸಿನ ಪೆಟ್ಟಿಗೆಗಳು, ಕ್ರಿಸ್ಮಸ್ ಮತ್ತು ಹೊಸ ವರ್ಷದ ಮಾರಾಟಕ್ಕೆ ಲೆಕ್ಕ ಹಾಕಿ ತರಿಸಿದ್ದು. ಹಣ್ಣಿನಲ್ಲಿ ಒಂದು ಕಲೆಯೂ ಇರಲಿಲ್ಲ. ಆದರೆ ಜೊತೆಗೆ ಬಂದ ಫೈಟೊ ಪ್ರಮಾಣಪತ್ರದ (ಹಣ್ಣಿನಲ್ಲಿ ಕೀಟ, ರೋಗ ಇಲ್ಲವೆಂದು ರಫ್ತು ಮಾಡುವ ದೇಶದ ಇಲಾಖೆ ಕೊಡುವ ಪತ್ರ) ಹೆಚ್ಚುವರಿ ಘೋಷಣೆಯಲ್ಲಿ, ನಮ್ಮ ಸಸ್ಯ ಸಂಪರ್ಕತಡೆ ಆದೇಶ ಕೇಳುವ ಕೀಟಗಳ ಪೈಕಿ ಒಂದರ ಹೆಸರು ಬಿಟ್ಟುಹೋಗಿತ್ತು. ಸಂಪರ್ಕತಡೆ ಕೇಂದ್ರದವರು ಬಿಡುಗಡೆ ಆದೇಶ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಅಮೆರಿಕದ ಆ ಇಲಾಖೆ ರಜೆಯಲ್ಲಿತ್ತು, ತಿದ್ದಿದ ಪ್ರಮಾಣಪತ್ರ ಬರುವಷ್ಟರಲ್ಲಿ ಹನ್ನೊಂದು ದಿನ ಕಳೆದವು. ವಿದ್ಯುತ್ ಸಂಪರ್ಕದ ಬಾಡಿಗೆ, ನೆಲಬಾಡಿಗೆ, ಕಂಟೇನರ್ ಹಿಂತಿರುಗಿಸಲು ತಡವಾದದ್ದಕ್ಕೆ ಹಡಗು ಕಂಪನಿ ಹಾಕುವ ಡಿಟೆನ್ಷನ್ ಎಲ್ಲ ಸೇರಿ ದಿನಕ್ಕೆ ಹದಿನೈದರಿಂದ ಹದಿನೆಂಟು ಸಾವಿರ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಂಡಿಯಲ್ಲಿ: ಜನವರಿ ಎರಡನೆಯ ವಾರಕ್ಕೆ ಪೆಟ್ಟಿಗೆಗೆ ಮುನ್ನೂರು ರೂಪಾಯಿಯಷ್ಟು ದರ ಇಳಿದಿತ್ತು. ಒಟ್ಟು ಐದು ಲಕ್ಷದ ಹತ್ತಿರ ಕಳೆದುಕೊಂಡೆ.

ಆ ತಿಂಗಳು ಕೂತು ಯೋಚಿಸಿದಾಗ ಹೊಳೆದದ್ದು ಒಂದೇ ಸಂಗತಿ. ನಾವೆಲ್ಲರೂ ಹಡಗು ಹೊರಟ ಮೇಲೆ ಕಾಗದ ನೋಡುತ್ತಿದ್ದೆವು. ಫೈಟೊದ ಪ್ರತಿ ಕೈಗೆ ಬರುವಾಗ ಹಣ್ಣು ಸಮುದ್ರದ ಮಧ್ಯದಲ್ಲಿರುತ್ತಿತ್ತು. ಆಗ ತಪ್ಪು ಕಂಡರೂ ಮಾಡಬಹುದಾದದ್ದು ಕಡಿಮೆ. ಹಾಗಾಗಿ ಮುಂದಿನ ಖರೀದಿಯಿಂದ ಒಂದು ಷರತ್ತು ಹಾಕಿದೆ: ಫೈಟೊ, ಪೆಟ್ಟಿಗೆಯ ಲೇಬಲ್, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ ಎಲ್ಲದರ ಕರಡು ಮೊದಲು ನನಗೆ ಬರಬೇಕು, ನಾನು ಒಪ್ಪಿದ ಮೇಲೆಯೇ ಕಂಟೇನರ್ ತುಂಬಬೇಕು. ಭಾರತದ ಬೇರಾವ ಗಿರಾಕಿಯೂ ಹೀಗೆ ಕೇಳುವುದಿಲ್ಲ ಎಂದು ರಫ್ತುದಾರರು ಬರೆದರು. ಚೆನ್ನೈಯ ನನ್ನ ಕಸ್ಟಮ್ಸ್ ಬ್ರೋಕರ್ ಕೂಡ, ಒಂದು ಪದಕ್ಕಾಗಿ ಹಡಗು ತಪ್ಪಿಸಿಕೊಳ್ಳುವುದು ಜಾಣತನವಲ್ಲ ಎಂದರು. ಜೊತೆಗೆ ಬಂಡವಾಳ ಹಾಕಿದ್ದ ನಮ್ಮ ಚಿಕ್ಕಪ್ಪ, "ನೋಡಪ್ಪಾ, ಹಣ್ಣಿನ ವ್ಯಾಪಾರ ಕಣ್ಣಲ್ಲಿ ಮಾಡೋದು, ಕಾಗದದಲ್ಲಲ್ಲ" ಎಂದು ಬೇಸರಪಟ್ಟುಕೊಂಡರು. ಆ ವರ್ಷ ಎರಡು ಸಲ ನಿಜವಾಗಿಯೂ ಹಡಗು ತಪ್ಪಿತು. ಎರಡು ಸಲವೂ ಒಂದೊಂದು ವಾರ ತಡವಾಗಿ ಹೊರಟ ಕಂಟೇನರ್ ಚೆನ್ನೈಯಲ್ಲಿ ನಾಲ್ಕೇ ದಿನದಲ್ಲಿ ಬಿಡುಗಡೆಯಾಯಿತು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕರಡು ಓದುವ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. 2003ರ ಸಸ್ಯ ಸಂಪರ್ಕತಡೆ ಆದೇಶದ ಆರನೆಯ ಅನುಸೂಚಿಯಲ್ಲಿ ಹಣ್ಣು ಮತ್ತು ದೇಶಕ್ಕೆ ತಕ್ಕಂತೆ ಇರುವ ಸಾಲನ್ನು, ತಿದ್ದುಪಡಿಗಳ ಸಮೇತ, ದಪ್ಪ ಅಕ್ಷರದಲ್ಲಿ ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ. ನಮ್ಮ ಗುಮಾಸ್ತರು ಕರಡು ಫೈಟೊವನ್ನು ಗಟ್ಟಿಯಾಗಿ ಓದುತ್ತಾರೆ; ನಾನು ಅನುಸೂಚಿಯ ಸಾಲಿನ ಮೇಲೆ ಬೆರಳಿಟ್ಟು ಪದ ಪದವಾಗಿ ಸಾಗುತ್ತೇನೆ. ಕೀಟದ ವೈಜ್ಞಾನಿಕ ಹೆಸರು ಬಂದಾಗ ಅವರು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕು. ಕಾಡ್ಲಿಂಗ್ ಪತಂಗದ ಹೆಸರು, ಸಿಡಿಯಾ ಪೊಮೊನೆಲ್ಲಾ, ಒಂದು ಅಕ್ಷರ ಕಡಿಮೆಯಾಗಿ ಬಂದದ್ದನ್ನು ಮೂರು ಸಲ ಹೀಗೆಯೇ ಹಿಡಿದಿದ್ದೇವೆ. ಕಣ್ಣಲ್ಲಿ ಓದಿದರೆ ಮನಸ್ಸು ತಾನೇ ತಿದ್ದಿಕೊಂಡು ಮುಂದೆ ಹೋಗಿಬಿಡುತ್ತದೆ. ಅನಂತರ ಆಮದು ಪರವಾನಗಿಯಲ್ಲಿರುವ ಪ್ರಮಾಣ, ಕಳುಹಿಸುವವರ ಹೆಸರು, ಪ್ರವೇಶದ ಬಂದರು ಇವು ಫೈಟೊದಲ್ಲಿ ಅದೇ ರೂಪದಲ್ಲಿ ಇವೆಯೇ ಎಂದು ತಾಳೆ ನೋಡುತ್ತೇವೆ. ಇಡೀ ಕೆಲಸಕ್ಕೆ ನಲವತ್ತು ನಿಮಿಷ ಸಾಕು.

2019ರ ಜೂನ್‌ನಲ್ಲಿ ಅಮೆರಿಕದ ಸೇಬಿನ ಮೇಲೆ ಶೇ 20ರ ಹೆಚ್ಚುವರಿ ಸುಂಕ ಬಿದ್ದು ಒಟ್ಟು ಶೇ 70 ಆದಾಗ, ನಾನು ಇಟಲಿಯ ಸೇಬಿಗೆ ಹೊರಳಿದೆ. ದೇಶ ಬದಲಾದರೆ ಘೋಷಣೆಯೂ ಬದಲಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಹಳೆಯ ದೇಶದ ನಮೂನೆಯನ್ನೇ ಹೊಸ ರಫ್ತುದಾರರಿಗೆ ಕಳುಹಿಸಿ ಕೈ ಸುಟ್ಟುಕೊಂಡವರು ನಮ್ಮಲ್ಲೇ ಇದ್ದಾರೆ. ನನ್ನ ಇಟಲಿಯ ಮೊದಲ ಕಂಟೇನರ್ ಐದನೆಯ ದಿನ ಹೊರಬಂದಾಗ ಬ್ರೋಕರ್ ಮೊದಲ ಬಾರಿಗೆ, ನಿಮ್ಮ ಪದ್ಧತಿಯನ್ನು ಮುಂದುವರಿಸಿ ಎಂದರು.

ಆದರೆ 2021ರಲ್ಲಿ ಮತ್ತೆ ಎಡವಿದೆ. ಆ ಮಾರ್ಚ್ 1ರಿಂದ ಸೇಬೂ ಸೇರಿದಂತೆ 24 ಬೆಳೆಗಳಿಗೆ, ಕುಲಾಂತರಿ ಅಲ್ಲ ಎಂಬ ಪ್ರಮಾಣಪತ್ರವನ್ನು ರಫ್ತು ಮಾಡುವ ದೇಶದ ಸಕ್ಷಮ ಪ್ರಾಧಿಕಾರದಿಂದ ತರಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಕೇಳತೊಡಗಿತು. ನನ್ನ ರಫ್ತುದಾರರು ತಮ್ಮದೇ ಲೆಟರ್‌ಹೆಡ್‌ನಲ್ಲಿ ಒಂದು ಘೋಷಣೆ ಬರೆದು ಕಳುಹಿಸಿದ್ದರು. ಕರಡು ಓದುವಾಗ ನಾನು ಒಳಗಿನ ಪದಗಳನ್ನು ನೋಡಿದೆನೇ ಹೊರತು ಯಾರು ಸಹಿ ಹಾಕಿದ್ದಾರೆ ಎಂಬುದನ್ನು ನೋಡಲಿಲ್ಲ. ಒಂಬತ್ತು ದಿನ ನಿಂತಿತು, ಒಂದೂವರೆ ಲಕ್ಷದ ಮೇಲೆ ಹೋಯಿತು. ಅಂದಿನಿಂದ ಪ್ರತಿ ಕಾಗದದಲ್ಲಿ ಮೊದಲು ಕೆಳಭಾಗವನ್ನು ಓದುತ್ತೇವೆ: ಸಹಿ ಯಾರದು, ಮೊಹರು ಯಾವ ಇಲಾಖೆಯದು, ದಿನಾಂಕ ಕಂಟೇನರ್ ತುಂಬಿದ ದಿನಕ್ಕೆ ಹೊಂದುತ್ತದೆಯೇ ಎಂದು.

ಲೇಬಲ್‌ನ ವಿಷಯ ಚಿಕ್ಕದೆಂದು ಕಾಣುತ್ತದೆ, ಆದರೆ ಹಣ ಸೋರುವುದು ಅಲ್ಲಿಯೇ. ಆಮದುದಾರರ ಹೆಸರು ವಿಳಾಸ, ಪರವಾನಗಿ ಸಂಖ್ಯೆಯಂಥವನ್ನು ಇಲ್ಲಿಗೆ ಬಂದ ಮೇಲೆ ಕಸ್ಟಮ್ಸ್ ನಿಗಾದಲ್ಲಿ ಚೀಟಿ ಅಂಟಿಸಿ ಸರಿಪಡಿಸಲು ಅವಕಾಶವಿದೆ. ನಾನೂ ಮೊದಲು ಅದನ್ನೇ ನೆಚ್ಚಿಕೊಂಡಿದ್ದೆ. ಆದರೆ ಸಾವಿರ ಪೆಟ್ಟಿಗೆ ಇಳಿಸಿ, ಚೀಟಿ ಅಂಟಿಸಿ, ಮತ್ತೆ ಏರಿಸಲು ಪೆಟ್ಟಿಗೆಗೆ ಹದಿನೆಂಟು ಇಪ್ಪತ್ತು ರೂಪಾಯಿ ಕೂಲಿ ಬೀಳುತ್ತದೆ. ಅಷ್ಟು ಹೊತ್ತು ಚೆನ್ನೈಯ ಬಿಸಿಗಾಳಿಯಲ್ಲಿ ನಿಂತ ಪೆಟ್ಟಿಗೆಯ ಮೇಲೆ ನೀರು ಕೂತು ರಟ್ಟು ಮೆತ್ತಗಾಗುತ್ತದೆ. ಮೇಣ ಲೇಪಿಸಿದ ಹಣ್ಣಾದರೆ ಯಾವ ಮೇಣ ಎಂಬುದೂ ಲೇಬಲ್‌ನಲ್ಲಿರಬೇಕು. ಆದ್ದರಿಂದ ಎಲ್ಲವನ್ನೂ ಪ್ಯಾಕಿಂಗ್ ಮನೆಯಲ್ಲೇ ಮುದ್ರಿಸಬೇಕೆಂದು ಕೇಳಿದೆ. ಪೆಟ್ಟಿಗೆಗೆ ನಾಲ್ಕು ಸೆಂಟ್ ಹೆಚ್ಚು ಕೇಳಿದರು, ಕೊಟ್ಟೆ. ತುಂಬುವ ಮೊದಲು ಪೆಟ್ಟಿಗೆಯ ಬದಿಯ ಫೋಟೋವನ್ನು ಅಳತೆಪಟ್ಟಿ ಇಟ್ಟು ತೆಗೆದು ಕಳುಹಿಸುತ್ತಾರೆ.

ಪೆಟ್ಟಿಗೆಗಳನ್ನು ಪೇರಿಸಿಡುವ ಮರದ ಪ್ಯಾಲೆಟ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೀಟ ಸಾಯಲೆಂದು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಮರ, ಅದನ್ನು ತೋರಿಸುವ ತೆನೆಯ ಗುರುತಿನ ಮುದ್ರೆ, ಇದು ಎಲ್ಲರಿಗೂ ಗೊತ್ತಿರುವುದೇ. ಮುದ್ರೆಯಿರುವ ಪ್ಯಾಲೆಟ್‌ಗೆ ಯಾರೋ ಒಂದು ಹೊಸ ಹಲಗೆ ಹೊಡೆದು ರಿಪೇರಿ ಮಾಡಿದ್ದರಿಂದ ನನ್ನದೊಂದು ಕಂಟೇನರ್ ಎರಡು ದಿನ ಹೆಚ್ಚು ನಿಂತಿತು. ಈಗ ರಿಪೇರಿ ಪ್ಯಾಲೆಟ್ ಬೇಡವೆಂದು ಖರೀದಿ ಪತ್ರದಲ್ಲೇ ಬರೆಯುತ್ತೇನೆ.

ಕಸ್ಟಮ್ಸ್ ಕಡೆಗೆ ಬರುತ್ತೇನೆ. ಹಡಗು ಬರುವ ಮೂವತ್ತು ದಿನ ಮುಂಚಿನಿಂದಲೇ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ಘೋಷಣೆ, ಸಲ್ಲಿಸಲು ಅವಕಾಶವಿದ್ದರೂ ನಮ್ಮಲ್ಲಿ ಬಹಳ ಜನ ಹಿಂದಿನ ದಿನದವರೆಗೆ ಕಾಯುತ್ತಾರೆ. ತಡವಾದರೆ ಮೊದಲ ಮೂರು ದಿನ ದಿನಕ್ಕೆ ಐದು ಸಾವಿರ, ಆಮೇಲೆ ದಿನಕ್ಕೆ ಹತ್ತು ಸಾವಿರ ದಂಡ. ನಾನು ಏಳು ದಿನ ಮುಂಚೆ ಸಲ್ಲಿಸುತ್ತೇನೆ. ಏಕೆಂದರೆ ಮುಖರಹಿತ ಮೌಲ್ಯಮಾಪನ ಬಂದ ಮೇಲೆ ನಮ್ಮ ಕಾಗದವನ್ನು ಬೇರೆ ಯಾವುದೋ ಊರಿನ ಅಧಿಕಾರಿ ನೋಡುತ್ತಾರೆ, ಅವರು ಒಂದು ಪ್ರಶ್ನೆ ಕೇಳಿದರೆ ಉತ್ತರ ಕೊಟ್ಟು ಮುಗಿಸಲು ಎರಡು ದಿನ ಬೇಕು. ಆ ಎರಡು ದಿನ ಹಣ್ಣು ಹಡಗಿನಲ್ಲೇ ಇದ್ದರೆ ನನಗೆ ಖರ್ಚಿಲ್ಲ. ಹೆಚ್ಚಿನ ಪ್ರಶ್ನೆಗಳು ಬೆಲೆಯ ಮೇಲೆಯೇ ಬರುತ್ತವೆ. ಮಂಡಿ ದರಪಟ್ಟಿ, ಹಿಂದಿನ ಮೂರು ಬಿಲ್‌ಗಳು, ಬ್ಯಾಂಕಿನ ಪಾವತಿ ಕಾಗದ, ರಫ್ತುದಾರರೊಂದಿಗಿನ ಪತ್ರವ್ಯವಹಾರ ಇವನ್ನು ಪ್ರಶ್ನೆ ಬರುವ ಮೊದಲೇ ಲಗತ್ತಿಸುತ್ತೇನೆ. ಜೊತೆಗೆ ಒಂದು ಪುಟದ ವಿವರಣೆಯೂ ಇರುತ್ತದೆ. ಅದರ ನಮೂನೆಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಅದನ್ನು ಹದಕ್ಕೆ ತರಲು ನನಗೆ ಮೂರು ಹಂಗಾಮು ಹಿಡಿದಿದೆ.

2023ರ ಮೇ ತಿಂಗಳಲ್ಲಿ, ಬಂದರು ತಲುಪುವಾಗ ಕೆಜಿಗೆ 50 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಸೇಬಿನ ಆಮದನ್ನು ನಿಷೇಧಿಸಿದಾಗ ಸಣ್ಣ ಗಾತ್ರದ ಹಣ್ಣಿನ ಲೆಕ್ಕವೇ ಬದಲಾಯಿತು. ಕಸ್ಟಮ್ಸ್ ಪ್ರಕಟಿಸುವ ವಿನಿಮಯ ದರ ಸ್ವಲ್ಪ ಇಳಿದರೂ 51 ರೂಪಾಯಿಯ ಹಣ್ಣು ಗೆರೆಯ ಕೆಳಗೆ ಬಿದ್ದುಬಿಡುತ್ತದೆ. ನಾನು 58ಕ್ಕಿಂತ ಕಡಿಮೆ ಬೀಳುವ ಯಾವುದನ್ನೂ ಅಂದಿನಿಂದ ತರಿಸಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೆಚ್ಚುವರಿ ಸುಂಕ ತೆಗೆದದ್ದರಿಂದ ಮತ್ತೆ ವಾಷಿಂಗ್ಟನ್ ಹಣ್ಣಿಗೆ ಮರಳಿದೆ.

ಇನ್ನು ತಪಾಸಣೆಯ ದಿನ. ಸಂಪರ್ಕತಡೆಯ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿ, ಹಣ್ಣನ್ನು ಮಗುಚಿ, ತೊಟ್ಟಿನ ಕುಳಿ ಮತ್ತು ತಳದ ಕುಳಿಗಳಿಗೆ ಮಸೂರ ಹಿಡಿದು ನೋಡುತ್ತಾರೆ. ಹಿಟ್ಟು ತಿಗಣೆ ಅವಿತುಕೊಳ್ಳುವುದು ಆ ತಳದ ಕುಳಿಯಲ್ಲಿಯೇ. ಒಣಗಿದ ಹೂವಿನ ಚೂರು ಕೂಡ ಮೊದಲ ನೋಟಕ್ಕೆ ಅದರಂತೆಯೇ ಬೆಳ್ಳಗೆ ಕಾಣುತ್ತದೆ. ಪೆಟ್ಟಿಗೆಯ ತಳದ ಕಾಗದವನ್ನು ಬಿಳಿ ತಟ್ಟೆಯ ಮೇಲೆ ಕೊಡವಿ, ಎಲೆ ಚೂರು, ಮಣ್ಣು ಬಿದ್ದಿದೆಯೇ ಎಂದು ನೋಡುತ್ತಾರೆ. ಇದನ್ನು ಹತ್ತಿರದಿಂದ ನೋಡಿದ ಮೇಲೆ, ತೊಳೆಯುವ ಸಾಲಿನ ಕೊನೆಯಲ್ಲಿ ಗಾಳಿ ಊದುವ ಒತ್ತಡ ಹೆಚ್ಚಿಸಲು ರಫ್ತುದಾರರಿಗೆ ಹೇಳಿದೆ. ಜೀವಂತ ಕೀಟ ಸಿಕ್ಕಿ ಮಿಥೈಲ್ ಬ್ರೋಮೈಡ್ ಹೊಗೆ ಹಾಕಿಸಬೇಕಾದರೆ ಹಣ್ಣಿನ ಬಾಳಿಕೆ ಕುಗ್ಗುತ್ತದೆ. ನನಗೆ ಅದು ಒಂದೇ ಸಲ ಆಗಿದೆ, ಒಂದು ಸಲವೇ ಸಾಕು.

ಹೊತ್ತು ಹಿಡಿಯುತ್ತಿದ್ದದ್ದು ಒಳಗಿನ ಪ್ಯಾಲೆಟ್‌ಗಳನ್ನು ಹೊರತೆಗೆಯುವುದಕ್ಕೆ. ಇದನ್ನು ತಪ್ಪಿಸಲು 2022ರಲ್ಲಿ ಒಂದು ಪ್ರಯೋಗ ಮಾಡಿದೆ: ಕಂಟೇನರ್‌ನ ನಡುವೆ ಒಬ್ಬರು ನಡೆದು ಹೋಗುವಷ್ಟು ದಾರಿ ಬಿಡಿಸಿದೆ. ತಪಾಸಣೆ ಅರ್ಧ ದಿನದಲ್ಲಿ ಮುಗಿಯಿತು, ಆದರೆ ಹಣ್ಣು ಕೆಟ್ಟಿತು. ರೀಫರ್‌ನಲ್ಲಿ ತಂಪು ಗಾಳಿ ನೆಲದಿಂದ ಮೇಲೇರಿ ಪೆಟ್ಟಿಗೆಗಳ ಒಳಗಿನಿಂದ ಹಾದುಹೋಗಬೇಕು. ದಾರಿ ಸಿಕ್ಕರೆ ಅದು ಪೆಟ್ಟಿಗೆಯನ್ನು ಬಿಟ್ಟು ಆ ದಾರಿಯಲ್ಲೇ ನೇರವಾಗಿ ವಾಪಸ್ ಹೋಗುತ್ತದೆ. ಬಾಗಿಲ ಕಡೆ ಇಟ್ಟಿದ್ದ, ತಾಪಮಾನ ದಾಖಲಿಸುವ ಲಾಗರ್ ಮೂರು ಡಿಗ್ರಿ ಹೆಚ್ಚು ತೋರಿಸಿತು, ನೂರ ಅರವತ್ತು ಪೆಟ್ಟಿಗೆಯ ಹಣ್ಣು, ಗಟ್ಟಿತನ ಅಳೆಯುವ ಮಾಪಕದಿಂದ ಒತ್ತಿದರೆ ಹತ್ತು ಪೌಂಡ್‌ಗೂ ನಿಲ್ಲಲಿಲ್ಲ. ಅನಂತರ ದಾರಿ ಬಿಡುವುದನ್ನು ನಿಲ್ಲಿಸಿ, ಪ್ರತಿ ತೋಟದ ಲಾಟ್‌ನ ಪೆಟ್ಟಿಗೆಗಳು ಬಾಗಿಲಿನಿಂದ ಎರಡು ಸಾಲಿನೊಳಗೇ ಸಿಗುವಂತೆ ಪ್ಯಾಲೆಟ್ ಕಟ್ಟಿಸಿ, ಯಾವ ಲಾಟ್ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಅಧಿಕಾರಿಗಳ ಕೈಗೆ ಮೊದಲೇ ಕೊಡುತ್ತೇನೆ. ಅವರು ಬೇಕಾದ ಪೆಟ್ಟಿಗೆಯನ್ನು ತಾವೇ ಆರಿಸುತ್ತಾರೆ. ಮಧ್ಯದ ಪ್ಯಾಲೆಟ್ ಬೇಕೆಂದರೆ ಅದನ್ನೂ ತೆಗೆಸಿಕೊಡುತ್ತೇನೆ, ಎರಡು ಸಲ ಹಾಗೆ ಕೇಳಿದ್ದೂ ಉಂಟು. ಗಾಳಿ ಕೆಡದಂತೆ ಈ ಜೋಡಣೆ ಮಾಡುವ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಮ್ಮೆ ವಿಮಾನದಲ್ಲಿ ಚೆರ್ರಿ ತರಿಸಿ ಬೆಂಗಳೂರಿನಲ್ಲೇ ಬಿಡಿಸಿಕೊಂಡು ನೋಡಿದೆ, ಐದು ಕೆಜಿಯ ಇನ್ನೂರ ನಲವತ್ತು ಪೆಟ್ಟಿಗೆ. ಇದೇ ಪದ್ಧತಿಯಲ್ಲಿ ಕಾಗದ ಒಂದೇ ದಿನದಲ್ಲಿ ಮುಗಿಯಿತು. ಆದರೆ ವಿಮಾನದ ಬಾಡಿಗೆಯೇ ಹಣ್ಣಿನ ಬೆಲೆಯನ್ನು ಮೀರಿತು, ಇಳಿಸುವಾಗ ಬಿಸಿಲಿಗೆ ಸಿಕ್ಕಿದ ಮೂವತ್ತು ಪೆಟ್ಟಿಗೆಯ ತೊಟ್ಟು ಒಣಗಿ ಅರ್ಧ ಬೆಲೆಗೆ ಹೋದವು. ನಲವತ್ತು ಸಾವಿರ ನಷ್ಟವಾಯಿತು, ಕೈಬಿಟ್ಟೆ.

ಸೇಬಿನ ಲೆಕ್ಕ ಹೇಳುವುದಾದರೆ, ಮುದ್ರಣ, ಹೆಚ್ಚುವರಿ ಲಾಗರ್, ಗುಮಾಸ್ತರ ಸಮಯ ಎಲ್ಲ ಸೇರಿ ಕಂಟೇನರ್‌ಗೆ ಹನ್ನೊಂದು ಸಾವಿರದಷ್ಟು ಖರ್ಚು ಹೆಚ್ಚಾಗಿದೆ. ಬಂದರಿನಲ್ಲಿ ಉಳಿಯುವುದು ಎಪ್ಪತ್ತರಿಂದ ಎಂಬತ್ತು ಸಾವಿರ. ಮಂಡಿಗೆ ಬಂದಾಗ ಹಣ್ಣು ಹದಿಮೂರು ಪೌಂಡ್ ಒತ್ತಡಕ್ಕೆ ನಿಲ್ಲುತ್ತದೆ, ಆದ್ದರಿಂದ ಮೈಸೂರು, ಹುಬ್ಬಳ್ಳಿಯ ವ್ಯಾಪಾರಿಗಳು ಪೆಟ್ಟಿಗೆ ಬಿಚ್ಚಿಸದೆಯೇ ದರ ಹೇಳುತ್ತಾರೆ. ಚಿಕ್ಕಪ್ಪನವರು ಈಗ ಕರಡು ಬಂದಿತೇ ಎಂದು ತಾವೇ ಕೇಳುತ್ತಾರೆ. ಮುಂದಿನ ಹಂಗಾಮಿಗೆ ದಕ್ಷಿಣ ಆಫ್ರಿಕಾದ ಪೇರ್ ಹಣ್ಣಿಗೆ ಪರವಾನಗಿ ಕೇಳಿದ್ದೇನೆ. ಅದರ ಅನುಸೂಚಿಯ ಸಾಲು ಈಗಾಗಲೇ ಮುದ್ರಿತವಾಗಿ ಮೇಜಿನ ಮೇಲಿದೆ.