ಗ್ಯಾರೇಜಲ್ಲಿ ನಿಂತಿದ್ದ 1969ರ ಜಿಟಿಒ: ನಾನು ಬೆಲೆ ಕಟ್ಟಿದ್ದು ಹೀಗೆ

ರಿಸ್ಟೋರ್ ಮಾಡದ, ಅಂದರೆ ಹೊಸದರ ಹಾಗೆ ಸರಿಪಡಿಸದ ಹಳೇ ಮಸಲ್ ಕಾರು (ದೊಡ್ಡ ಇಂಜಿನ್ನಿನ, ಜೋರಾಗಿ ಓಡುವ ಅಮೆರಿಕನ್ ಕಾರು) ಅಂದ ತಕ್ಷಣ ಎಲ್ಲರೂ ಹಾಕುವ ಲೆಕ್ಕ ಒಂದಿದೆ. ಪೂರ್ತಿ ರೆಡಿ ಮಾಡಿದ ಅದೇ ಕಾರು ಎಷ್ಟಕ್ಕೆ ಹೋಗುತ್ತದೆ ನೋಡು, ರೆಡಿ ಮಾಡುವ ಖರ್ಚು ಕಳೆ, ಉಳಿದದ್ದು ಬೆಲೆ. ಕೇಳೋಕೆ ಸರಿಯಾಗೇ ಇದೆ. ಆದರೆ ಅಮೆರಿಕದಲ್ಲಿ ಟಿಂಕರಿಂಗ್, ಪೇಂಟು, ಕ್ರೋಮ್, ಸೀಟು ಅಂತ ಕೂಲಿ ಕೂಡುತ್ತಾ ಹೋದರೆ ಎಷ್ಟೋ ಮಾಡೆಲ್‌ಗಳಲ್ಲಿ ಖರ್ಚೇ ಬೆಲೆಯನ್ನು ಮೀರುತ್ತದೆ. ಆ ಲೆಕ್ಕ ನಂಬಿದರೆ ಕಾರನ್ನೂ ಕೊಟ್ಟು ಮೇಲೆ ದುಡ್ಡೂ ಕೊಡಬೇಕು. ಹಾಗೇನೂ ನಡೆಯುವುದಿಲ್ಲ, ಅಲ್ವಾ?

ನಾನು ಮೊದಲು ಕೇಳಿಕೊಳ್ಳುವುದು ಬೇರೆ. ಇದು ಇದ್ದ ಹಾಗೇ ಕಾಪಾಡುವ ಕಾರಾ, ಇಲ್ಲ ಬಿಚ್ಚಿ ಕಟ್ಟುವ ಕಾರಾ? ಎರಡಕ್ಕೂ ಗಿರಾಕಿಗಳು ಬೇರೆ, ಬೆಲೆಯೂ ಬೇರೆ. ಫ್ಯಾಕ್ಟರಿ ಪೇಂಟು, ಫ್ಯಾಕ್ಟರಿ ಸೀಟು, ಹುಟ್ಟಿದಾಗಿನ ಇಂಜಿನ್ ಹಾಗೇ ಉಳಿದ ಕಾರನ್ನು ಇಲ್ಲಿ ಸರ್ವೈವರ್ ಅನ್ನುತ್ತಾರೆ. ಅಂಥದ್ದಕ್ಕೆ ಹೊಸ ಪೇಂಟು ಹೊಡೆಸಿದರೆ ಬೆಲೆ ಇಳಿದರೂ ಇಳಿಯಬಹುದು.

ನಾನಿರುವುದು ಮಿಶಿಗನ್ನಿನ ಟ್ರಾಯ್‌ನಲ್ಲಿ. ನಮ್ಮ ಬೀದಿಯ ಒಬ್ಬ ಅಜ್ಜಿಯ ಗ್ಯಾರೇಜಿನಲ್ಲಿ ತೀರಿಕೊಂಡ ಗಂಡನ 1969ರ ಪಾಂಟಿಯಾಕ್ ಜಿಟಿಒ ನಿಂತಿತ್ತು. ಹಸಿರು ಬಣ್ಣದ ಹಾರ್ಡ್‌ಟಾಪ್, ಮೇಲೆ ಕಪ್ಪು ರೆಕ್ಸಿನ್ ಹೊದಿಕೆ. ಯಾರೋ ವ್ಯಾಪಾರಿ ಬಂದು, ಇಂಜಿನ್ ಸ್ಟಾರ್ಟ್ ಆಗಲ್ಲ, 8,000 ಡಾಲರ್ ಕೊಡ್ತೀನಿ ಅಂದು ಹೋಗಿದ್ದನಂತೆ. ಎಷ್ಟು ಬಾಳುತ್ತೆ ನೋಡಪ್ಪ ಅಂತ ಅವರು ನನ್ನನ್ನು ಕೇಳಿದರು.

ಧೂಳು ಒರೆಸಬೇಡಿ, ಪ್ರೆಶರ್ ವಾಷರ್ ಅಂತೂ ಬೇಡವೇ ಬೇಡ ಅಂತ ಮೊದಲೇ ಹೇಳಿದೆ. ಬಾನೆಟ್ ಒಳಗೆ, ಚಾಸಿ ಮೇಲೆ ಫ್ಯಾಕ್ಟರಿಯವರು ಹಾಕಿದ ಬಣ್ಣದ ಗುರುತು, ಕಾಗದದ ಸ್ಟಿಕ್ಕರ್ ಕೆಲವು ಸಲ ಉಳಿದಿರುತ್ತವೆ. ಅವೇ ಸಾಕ್ಷಿ. ನೀರು ಬಿಟ್ಟರೆ ಹೋಯಿತು. ಸ್ಟಾರ್ಟ್ ಮಾಡುವ ಆತುರವೂ ಬೇಡ. ವರ್ಷಗಟ್ಟಲೆ ನಿಂತ ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗಿರುತ್ತದೆ.

ಇನ್ನು ನಂಬರುಗಳು. ಡ್ಯಾಶ್‌ಬೋರ್ಡಿನ ಮೇಲೆ, ಡ್ರೈವರ್ ಕಡೆ, ಗಾಜಿನಿಂದಲೇ ಕಾಣುವ ವಿಐಎನ್, ಅಂದರೆ ಪ್ರತಿ ಕಾರಿಗೂ ಫ್ಯಾಕ್ಟರಿ ಕೊಡುವ ಗುರುತಿನ ನಂಬರು, ಇದೆ. ಅದು 242379P ಅಂತ ಶುರುವಾಗಿತ್ತು. 242 ಅಂದರೆ ಜಿಟಿಒ, 37 ಅಂದರೆ ಎರಡು ಬಾಗಿಲ ಹಾರ್ಡ್‌ಟಾಪ್, 9 ಅಂದರೆ 1969, ಪಿ ಅಂದರೆ ಪಾಂಟಿಯಾಕ್ ಊರಿನ ಫ್ಯಾಕ್ಟರಿ. ಇಷ್ಟು ಸುಲಭಕ್ಕೆ ಗೊತ್ತಾಗುವುದು 1966ರಿಂದ 1971ರ ಕಾರುಗಳಲ್ಲಿ. 1964, 65ರಲ್ಲಿ ಜಿಟಿಒ ಬರೀ ಒಂದು ಆಪ್ಷನ್, ಪಾಂಟಿಯಾಕ್‌ನದೇ ಲೆಮಾನ್ಸ್‌ನಂಥ ಕಾರಿಗೆ ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳುವಂಥದ್ದು. ಆ ವರ್ಷಗಳ ಕಾರಿನ ವಿಐಎನ್ ನೋಡಿ ಜಿಟಿಒ ಹೌದೋ ಅಲ್ಲವೋ ಹೇಳಲಾಗದು, ಲೆಮಾನ್ಸ್ ಕಾರಿಗೆ ಜಿಟಿಒ ಬ್ಯಾಡ್ಜ್ ಅಂಟಿಸಿದ ನಕಲಿಗಳೂ ಓಡಾಡುತ್ತಿವೆ.

ಇಂಜಿನ್ ಅದೇ ಕಾರಿನದ್ದಾ? ಬಲಗಡೆ, ಮುಂದಿನ ತುದಿಯಲ್ಲಿ, ಸಿಲಿಂಡರ್ ಹೆಡ್ಡಿನ ಕೆಳಗೆ ಎರಡಕ್ಷರದ ಕೋಡ್ ಕೊರೆದಿರುತ್ತದೆ. ಜಿಡ್ಡಿನ ಪದರ ಗಟ್ಟಿಯಾಗಿತ್ತು. ಬ್ರೇಕ್ ಕ್ಲೀನರ್ ಸಿಂಪಡಿಸಿ, ಹಳೇ ಟೂತ್‌ಬ್ರಷ್‌ನಲ್ಲಿ ಮೆತ್ತಗೆ ಉಜ್ಜಿದೆ. ತಂತಿ ಬ್ರಷ್ ಮುಟ್ಟಬೇಡಿ, ಅಕ್ಷರದ ಅಂಚು ಸವೆದರೆ ತಿದ್ದಿದ್ದು ಅಂತ ಅನುಮಾನ ಬರುತ್ತದೆ. ನಿಧಾನಕ್ಕೆ ವೈಎಸ್ ಕಾಣಿಸಿತು. ಅಂದರೆ 400 ಕ್ಯುಬಿಕ್ ಇಂಚು, 350 ಹಾರ್ಸ್‌ಪವರ್, ಆಟೊಮ್ಯಾಟಿಕ್ ಗೇರು. ಅಲ್ಲೇ ಟೈಮಿಂಗ್ ಕವರ್ ಪಕ್ಕದಲ್ಲಿ 29P, ಮುಂದೆ ಆರು ಅಂಕಿ. ಡ್ಯಾಶ್‌ಬೋರ್ಡಿನ ಕೊನೆಯ ಆರು ಅಂಕಿಗೆ ಸರಿಯಾಗಿ ಹೊಂದಿತು. ಆ ವ್ಯಾಪಾರಿ ಇದನ್ನು ನೋಡಿಯೇ ಇರಲಿಲ್ಲ, ಅಥವಾ ನೋಡಿ ಸುಮ್ಮನಿದ್ದ.

ಇಂಜಿನ್ ಓಡುತ್ತದೋ ಇಲ್ಲವೋ ಅನ್ನುವುದಕ್ಕೆ ಜನ ಕೊಡುವ ಮಹತ್ವ ಜಾಸ್ತಿಯಾಯಿತು. ಇಂಜಿನ್ ಬಿಚ್ಚಿ ಸರಿ ಮಾಡಬಹುದು. ಬೇರೆ ಇಂಜಿನ್ ಕೂತಿದ್ದರೆ ಹುಟ್ಟಿದಾಗಿನದ್ದನ್ನು ಎಲ್ಲಿಂದ ತರುವುದು?

ಕಾಗದಪತ್ರದ ವಿಷಯದಲ್ಲಿ ಪಾಂಟಿಯಾಕ್ ಇಟ್ಟುಕೊಂಡವರು ಪುಣ್ಯವಂತರು. 1961ರಿಂದ 1986ರವರೆಗಿನ ಕಾರುಗಳ ಫ್ಯಾಕ್ಟರಿ ದಾಖಲೆ ಪಿಎಚ್‌ಎಸ್ ಅನ್ನುವ ಸಂಸ್ಥೆಯ ಹತ್ತಿರ ಇದೆ. ವಿಐಎನ್ ಕೊಟ್ಟು ಹಣ ಕಟ್ಟಿದರೆ ಅಸಲಿ ಇನ್ವಾಯ್ಸಿನ ಪ್ರತಿ ಬರುತ್ತದೆ. 1967ರಿಂದ ಈಚಿನ ಫೋರ್ಡ್‌ಗಳಿಗೆ ಇಂಥದೇ ಮಾರ್ಟಿ ರಿಪೋರ್ಟ್ ಇದೆ. ಶೆವರ್ಲೆ ಕಂಪನಿಯ ಶೆವೆಲ್ ಇಟ್ಟುಕೊಂಡವರು ಪಾಪ, ಪೆಟ್ರೋಲ್ ಟ್ಯಾಂಕಿನ ಮೇಲೆ, ಸೀಟಿನ ಕೆಳಗೆ ಬಿಲ್ಡ್ ಶೀಟ್ (ಕಾರಿಗೆ ಏನೇನು ಹಾಕಬೇಕು ಅಂತ ಫ್ಯಾಕ್ಟರಿಯಲ್ಲಿ ಬರೆದ ಹಾಳೆ) ಸಿಗುತ್ತದಾ ಅಂತ ತಡಕಾಡಬೇಕು. ನಮ್ಮ ಕಾರು ಜಿಟಿಒಗಳಲ್ಲೇ ದುಬಾರಿಯಾದ ಜಡ್ಜ್ ಮಾಡೆಲ್ ಅಲ್ಲ ಅನ್ನುವುದೂ ಇನ್ವಾಯ್ಸಿನಿಂದಲೇ ಖಾತ್ರಿಯಾಯಿತು. ಜಡ್ಜ್ ಕೂಡ ಆಪ್ಷನ್ನೇ, ವಿಐಎನ್‌ನಲ್ಲಿ ಕಾಣುವುದಿಲ್ಲ. 1969ರಲ್ಲಿ 72,287 ಜಿಟಿಒ ತಯಾರಾದವು, ಅದರಲ್ಲಿ ಜಡ್ಜ್ 6,833 ಮಾತ್ರ. ಅಜ್ಜಿಯ ಮೊಮ್ಮಗ ಜಡ್ಜ್ ಬೆಲೆಗಳನ್ನೇ ನೋಡಿಕೊಂಡು ಕನಸು ಕಾಣುತ್ತಿದ್ದ.

ಆಮೇಲೆ ತುಕ್ಕು. ಮಿಶಿಗನ್ನಿನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹೀಗಾಗಿ ನಾನು ಜಾಸ್ತಿ ಹೊತ್ತು ಕಳೆಯುವುದು ಇಲ್ಲೇ. ರೆಕ್ಸಿನ್ ಮೇಲ್ಛಾವಣಿಯ ಕಾರಿನಲ್ಲಿ ಹಿಂದಿನ ಗಾಜಿನ ಕೆಳಗಿನ ಅಂಚು ಮೊದಲು ಕೊಳೆಯುತ್ತದೆ, ಯಾಕೆಂದರೆ ಹೊದಿಕೆ ಕೆಳಗೆ ನೀರು ನಿಲ್ಲುತ್ತದೆ. ಡಿಕ್ಕಿಯೊಳಗೆ ತಲೆ ಹಾಕಿ, ಟಾರ್ಚ್ ಮೇಲಕ್ಕೆ ಬಿಟ್ಟೆ. ಗಾಜಿನ ಒಂದು ಮೂಲೆಯಲ್ಲಿ ಕಂದು ಗೆರೆ ಇಳಿದಿತ್ತು, ಸ್ಕ್ರೂಡ್ರೈವರ್ ತುದಿ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯಿತು. ನೀರು ಅಲ್ಲಿಂದಿಳಿದು ಸ್ಟೆಪ್ನಿ ಕೆಳಗಿನ ತಳವನ್ನೂ ತಿಂದಿತ್ತು. ಚಾಸಿ ಮಾತ್ರ, ಹಿಂದಿನ ಆಕ್ಸಲ್ ಮೇಲೆ ಬಾಗುವ ಜಾಗದಲ್ಲೂ ಗಟ್ಟಿಯಾಗಿತ್ತು. ಅದು ದೊಡ್ಡ ಸಮಾಧಾನ.

ಪೇಂಟು ಅಳೆಯುವ ಮೀಟರ್ ಬಾಗಿಲು, ಬಾನೆಟ್ ಮೇಲೆ ಒಂದೇ ರೀತಿ ತೆಳು ಪದರ ತೋರಿಸಿತು. ಹಿಂದಿನ ಎಡ ಚಕ್ರದ ಕಮಾನಿನ ಹತ್ತಿರ ಅಂಕಿ ಹಾರಿತು. ಆಯಸ್ಕಾಂತವೂ ಕಚ್ಚಲಿಲ್ಲ. ಒಳಗೆ ಪುಟ್ಟಿ.

ಓಡೋಮೀಟರ್ 41 ಸಾವಿರ ಮೈಲಿ ಅನ್ನುತ್ತಿತ್ತು. ಐದೇ ಅಂಕಿಯ ಮೀಟರ್, ಒಂದು ಸುತ್ತು ಮುಗಿಸಿ 1,41,000 ಆಗಿದ್ದರೂ ಹಾಗೇ ಕಾಣುತ್ತದೆ. ಬ್ರೇಕ್ ಪೆಡಲಿನ ರಬ್ಬರು ಒಂದು ಕಡೆ ಪೂರ್ತಿ ಸವೆದಿತ್ತು, ಡ್ರೈವರ್ ಬಾಗಿಲು ಜೋತುಬಿದ್ದಿತ್ತು. ಹೀಗಾಗಿ ಕಮ್ಮಿ ಮೈಲಿ ಓಡಿದ ಕಾರು ಅಂತ ನಾನು ಎಲ್ಲೂ ಬರೆಯಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಉತ್ತರ ಗೊತ್ತಾಯಿತು. ಪುಟ್ಟಿ, ಕೊಳೆತ ಡಿಕ್ಕಿ ಎರಡೂ ಸೇರಿ ಇದನ್ನು ಬಿಚ್ಚಿ ಕಟ್ಟುವ ಕಾರಾಗಿಸಿದ್ದವು. ಆದರೆ ಒಳ್ಳೇ ಬುನಾದಿ ಇರುವ ಕಾರು.

ಬೆಲೆಗೆ ಹಳೇ ಕಾರುಗಳ ಇನ್ಶೂರೆನ್ಸ್ ಕಂಪನಿ ಹ್ಯಾಗರ್ಟಿಯ ಬೆಲೆಪಟ್ಟಿ ತೆಗೆದೆ. ಅಲ್ಲಿ ಒಂದರಿಂದ ನಾಲ್ಕರವರೆಗೆ ದರ್ಜೆ, ಒಂದು ಎಲ್ಲಕ್ಕಿಂತ ಮೇಲು, ನಾಲ್ಕು ಅಂದರೆ ಸಾಧಾರಣ ಸ್ಥಿತಿಯ, ಆದರೆ ಓಡುವ ಕಾರು. ನಮ್ಮದು ಅದಕ್ಕೂ ಕೆಳಗೆ. ಬ್ರಿಂಗ್ ಎ ಟ್ರೈಲರ್, ಮೀಕಮ್ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದವನ್ನು ಹುಡುಕಿದೆ. ಕನ್ವರ್ಟಿಬಲ್, ಜಡ್ಜ್, ನಾಲ್ಕು ಗೇರಿನ ಮ್ಯಾನ್ಯುವಲ್ ಕಾರುಗಳನ್ನು ಬಿಟ್ಟೆ, ಅವಕ್ಕೆಲ್ಲ ಬೆಲೆ ಹೆಚ್ಚು. ಜಾಹೀರಾತಿನಲ್ಲಿ ಕೇಳುವ ಬೆಲೆಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಯಾರು ಏನು ಬೇಕಾದರೂ ಕೇಳಬಹುದು. ಹರಾಜಿನ ಅಂಕಿಯಲ್ಲಿ ಕೊಳ್ಳುವವರ ಕಮಿಷನ್ ಸೇರಿದೆಯಾ ಅಂತಲೂ ನೋಡಬೇಕು. ಸೇರಿದ್ದರೆ ಅದು ಮಾರುವವರ ಕೈಗೆ ಬರುವ ದುಡ್ಡಲ್ಲ.

ಓಡುವ ಕಾರುಗಳ ಆ ಬೆಲೆಯಿಂದ ಬ್ರೇಕು, ಟ್ಯಾಂಕು, ಕಾರ್ಬ್ಯುರೇಟರ್, ಟೈರು ಅಂತ ಓಡುವ ಸ್ಥಿತಿಗೆ ತರುವ ಖರ್ಚು ಕಳೆದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಡಾಟ್ ಕೋಡ್‌ನಲ್ಲಿ ತಾರೀಖಿನ ಅಂಕಿ ಮೂರೇ ಇದ್ದವು, ಅಂದರೆ 2000ಕ್ಕಿಂತ ಹಿಂದಿನವು. ಕೊನೆಗೆ 17ರಿಂದ 21 ಸಾವಿರ ಡಾಲರ್ ಅಂತ ಬರೆದೆ. “ಆ ತುಕ್ಕು ಡಬ್ಬಕ್ಕೆ ಅಷ್ಟಾ ರೀ?” ಅಂತ ನನ್ನ ಹೆಂಡತಿ ನಕ್ಕಳು.

ಅಜ್ಜಿ ಇನ್ನೊಂದು ಕೇಳಿದರು: ಮಾರುವ ತನಕ ಇನ್ಶೂರೆನ್ಸ್ ಎಷ್ಟಕ್ಕೆ ಮಾಡಿಸಲಿ? ಮಾರುವವರ ಕೈಗೆ ಬರುವ ಮೊತ್ತಕ್ಕಲ್ಲ, ಅಂಥದೇ ಕಾರು ಮತ್ತೆ ಕೊಳ್ಳಲು ಬೇಕಾಗುವ ಮೊತ್ತಕ್ಕೆ, ಅಂದೆ. ಅದರಲ್ಲೂ ಅಗ್ರೀಡ್ ವ್ಯಾಲ್ಯೂ, ಅಂದರೆ ಕಂಪನಿ ಮೊದಲೇ ಒಪ್ಪಿದ ಮೊತ್ತವನ್ನೇ ಕೊಡುವ ಪಾಲಿಸಿಯೇ ಆಗಬೇಕು. ಬರೀ ಸ್ಟೇಟೆಡ್ ವ್ಯಾಲ್ಯೂ (ನಾವು ಹೇಳಿದ ಮೊತ್ತ) ಅಂತಿದ್ದರೆ ಕ್ಲೇಮಿನ ದಿನ ಕಂಪನಿ ಕಮ್ಮಿ ಕೊಡಲು ದಾರಿ ಇರುತ್ತದೆ. ಇಂಜಿನ್ ನಂಬರಿನ ಫೋಟೊ, ಪಿಎಚ್‌ಎಸ್ ಪ್ರತಿ, ಪೇಂಟು ಮೀಟರಿನ ಅಂಕಿಗಳು ಎಲ್ಲ ಒಂದು ಫೈಲಿಗೆ ಹಾಕಿ ಅವರ ಕೈಗೆ ಕೊಟ್ಟೆ. ಪುಟ್ಟಿಯ ಫೋಟೊವನ್ನೂ ಅದರಲ್ಲೇ ಇಟ್ಟೆ, ಬಂದ ಗಿರಾಕಿಗೆ ಮೊದಲೇ ತೋರಿಸಿ ಅಂತ.