ಹಡಗಿನ ಕೆಲಸಕ್ಕೆ ಹೊರಟವರು 'ಕರೀಞೊ' ಕಲಿಯುವುದು ಹೇಗೆ

ಸುರತ್ಕಲ್ಲಿನ ನಮ್ಮ ಮನೆ ಜಗಲಿಗೆ ಸಂಜೆ ಪಾಠಕ್ಕೆ ಬರುವ ಹುಡುಗರೆಲ್ಲ ಕ್ರೂಸ್ ಹಡಗಿಗೆ ಹೊರಟವರು. ಹೌಸ್‌ಕೀಪಿಂಗ್, ಗ್ಯಾಲಿ (ಹಡಗಿನ ಅಡುಗೆಮನೆ), ಲಾಂಡ್ರಿ. ಅಲ್ಲಿ ಕೊಲಂಬಿಯಾ, ಪೆರು, ಹೊಂಡುರಾಸಿನವರ ಜೊತೆ ಕೆಲಸ ಮಾಡಬೇಕಾಗುತ್ತದೆ. ಅವರ ಮಾತು ಸ್ಪ್ಯಾನಿಷ್, ಬಾಯಲ್ಲಿ ಸದಾ ಓಡಾಡುವ ಪದ 'ಕರೀಞೊ'. ನಮ್ಮವರು ಮೊಬೈಲಿನಲ್ಲಿ ಹುಡುಕಿ 'ಫಾಂಡ್‌ನೆಸ್' ಅಂತ ಬರೆದುಕೊಂಡು ಬರುತ್ತಾರೆ. ನಾನು ಅದನ್ನು ಹೊಡೆದು ಹಾಕಿಸುತ್ತೇನೆ. ಇಂಗ್ಲಿಷಿನ ಮೇಲಿಂದ ಹೋದರೆ ಸುತ್ತು ಜಾಸ್ತಿ, ಕನ್ನಡದಿಂದಲೇ ನೇರ ದಾರಿ ಉಂಟು.

ಮೊದಲು ಉಚ್ಚಾರ. ಚ ವರ್ಗದ ಕೊನೆಗೆ ಕೆಲಸವಿಲ್ಲದೆ ಕೂತಿರುವ ಞ ಉಂಟಲ್ಲ, ಅದೇ ಇದು. ಮಲಯಾಳದವರ 'ಞಾನ್' ಕೇಳಿ ಗೊತ್ತಿರುವ ಮಂಗಳೂರಿನವರಿಗೆ ಕಷ್ಟವೇ ಇಲ್ಲ. ಒತ್ತು 'ರೀ' ಮೇಲೆ. ಬರೆಯುವಾಗ ಎನ್ ಅಕ್ಷರದ ತಲೆ ಮೇಲಿನ ಅಲೆಗೆರೆ ಬಿಡಬೇಡಿ. 'ಆಞೊ' ಅಂದರೆ ವರ್ಷ; ಗೆರೆ ಬಿಟ್ಟರೆ 'ಆನೊ', ಅಂದರೆ ಗುದ. ವಯಸ್ಸು ಬರೆಯುವಾಗ ನೆನಪಿರಲಿ ಮಾರಾಯ್ರೆ.

ಅರ್ಥಕ್ಕೆ ಬನ್ನಿ. ಕರೀಞೊ ಅಂದರೆ ಅಕ್ಕರೆ, ತುಳುವಿನ ಮೋಕೆ. ಅಜ್ಜಿಗೆ ಮೊಮ್ಮಗಳ ಮೇಲೆ ಇರುವುದು, ನಮಗೆ ಮನೆ ನಾಯಿ ಮೇಲೆ ಇರುವುದು. 'ತೊಮಾರ್ ಕರೀಞೊ' ಅಂದರೆ ಹಚ್ಚಿಕೊಳ್ಳುವುದು: ಮಗು ಅಜ್ಜಿಯನ್ನು ಹಚ್ಚಿಕೊಂಡಿದೆ ಅನ್ನುತ್ತೇವಲ್ಲ, ಹಾಗೆ. ಸ್ಪೇನಿನವರು ಇದನ್ನೇ 'ಕೊಹೆರ್ ಕರೀಞೊ' ಅನ್ನುತ್ತಾರೆ. ಆದರೆ ಮೆಕ್ಸಿಕೊ, ಅರ್ಜೆಂಟೀನಾದವರಿಗೆ 'ಕೊಹೆರ್' ಪೋಲಿ ಮಾತು. ಹಡಗಿನಲ್ಲಿ ಯಾರು ಎಲ್ಲಿಯವರೋ, 'ತೊಮಾರ್' ಇಟ್ಟುಕೊಳ್ಳಿ, ಎಲ್ಲ ಕಡೆ ನಡೆಯುತ್ತದೆ.

ಕರೆಯುವುದಕ್ಕೂ ಇದೇ ಪದ. ಹಡಗಿನ ಲಾಂಡ್ರಿಯಲ್ಲಿ ನನ್ನೆದುರು ನಿಂತು ಬೆಡ್‌ಶೀಟ್ ಮಡಚುತ್ತಿದ್ದ ಪೆರುವಿನ ಹೆಂಗಸು ಎರಡು ತುದಿ ನನ್ನ ಕೈಗೆ ತುರುಕಿ, 'ಕರೀಞೊ, ಹಾಲಾ' ಅನ್ನುತ್ತಿದ್ದಳು. ಪುಟ್ಟ, ಎಳಿಯೋ ಅಂತ. ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಹಾಗಂತ ಸೂಪರ್‌ವೈಸರಮ್ಮನನ್ನು ನೀವು ಕರೀಞೊ ಅಂತ ಕರೆಯಬೇಡಿ. ನಮ್ಮಲ್ಲಿ ಮ್ಯಾನೇಜರನ್ನು 'ಚಿನ್ನ' ಅನ್ನುತ್ತೀರಾ? ಪತ್ರದ ಕೊನೆಗೆ 'ಕೊನ್ ಕರೀಞೊ' ಬರೆದರೆ 'ಪ್ರೀತಿಯಿಂದ' ಅಂತ, ಅದು ಮನೆಯವರಿಗೆ, ಸ್ನೇಹಿತರಿಗೆ.

ಇನ್ನು ಇಂಗ್ಲಿಷಿನ 'ಫಾಂಡ್'. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ 'ಪೆದ್ದು' ಅಂತಲೇ ಅರ್ಥವಿತ್ತು. 'ಫಾಂಡ್ ಹೋಪ್' ಅನ್ನುವಾಗ ಆ ವಾಸನೆ ಇನ್ನೂ ಬರುತ್ತದೆ: ಆಗದ ಹೋಗದ ಆಸೆ. ಈಗಿನ 'ಫಾಂಡ್ ಆಫ್' ಬೆಚ್ಚಗಿನ ಮಾತು, ಬಿಸಿ ಇಲ್ಲ. ನಿಶ್ಚಿತಾರ್ಥವಾದ ಹುಡುಗಿಗೆ 'ಐ ಆಮ್ ಫಾಂಡ್ ಆಫ್ ಯು' ಅಂದು ನೋಡಿ, ಗೊತ್ತಾಗುತ್ತದೆ. ಮುಖ್ಯ ತೊಂದರೆ ಎಂತ ಅಂದರೆ, ಇಂಗ್ಲಿಷಿನವರು ಅಜ್ಜಿಗೂ ಬಂಗುಡೆಗೂ ಒಂದೇ 'ಫಾಂಡ್' ಹಾಕುತ್ತಾರೆ. ಸ್ಪ್ಯಾನಿಷಿನಲ್ಲಿ ಅಜ್ಜಿ ಮೇಲೆ ಕರೀಞೊ, ಮೀನಿಗೆ 'ಮೆ ಗುಸ್ತಾ'.

ಈ ಗುಸ್ತಾ ವಿಷಯದಲ್ಲಿ ಇಂಗ್ಲಿಷ್ ಮೀಡಿಯಂನವರು ತಿಣುಕುತ್ತಾರೆ, ಕನ್ನಡ ಮೀಡಿಯಂನವರು ಒಂದೇ ಏಟಿಗೆ ಪಾಸು. 'ಮೆ' ಅಂದರೆ 'ನನಗೆ'. 'ಮೆ ಗುಸ್ತಾ ಎಲ್ ಪೆಸ್ಕಾದೊ', ನನಗೆ ಮೀನು ಹಿಡಿಸುತ್ತದೆ. ಹಿಡಿಸುವುದು ಮೀನು, ಕ್ರಿಯಾಪದ ಅದರ ಹಿಂದೆ ಹೋಗುತ್ತದೆ. ಮನೆ ಹಿಡಿಸುತ್ತದೆ, ಮನೆಗಳು ಹಿಡಿಸುತ್ತವೆ. ಹಾಗೆಯೇ ಗುಸ್ತಾ, ಗುಸ್ತಾನ್. 'ನಾನು' ಎಲ್ಲಿ ಅಂತ ಹುಡುಕುತ್ತಾ ಕೂರಬೇಡಿ, ಇಲ್ಲ. ಮನುಷ್ಯರ ಹತ್ತಿರ ಮಾತ್ರ ಹುಷಾರು. 'ಮೆ ಗುಸ್ತಾಸ್' ಅಂದರೆ ನಿನ್ನ ಮೇಲೆ ಮನಸ್ಸಾಗಿದೆ ಅಂತ. ಸುಮ್ಮನೆ 'ನೀನು ಒಳ್ಳೆ ಜನ, ನನಗೆ ಇಷ್ಟ' ಅನ್ನಲಿಕ್ಕೆ 'ಮೆ ಕಾಯೆಸ್ ಬ್ಯೆನ್' ಅನ್ನಿ.

ಕೊನೆಯದು 'ಕ್ಯೆರೊ'. 'ಬೇಕು' ಅಂತಲೂ ಅರ್ಥ, 'ಪ್ರೀತಿಸುತ್ತೇನೆ' ಅಂತಲೂ ಅರ್ಥ. ನಾವು 'ಚಾ ಕುಡಿದೆ' ಅನ್ನುತ್ತೇವೆ, 'ಅನ್ನು' ಬೇಡ. 'ಅಮ್ಮ ನೋಡಿದೆ' ಅಂದರೆ ಆಗುವುದಿಲ್ಲ, 'ಅಮ್ಮನನ್ನು' ಅನ್ನಲೇಬೇಕು. ಆ 'ಅನ್ನು' ಕೆಲಸವನ್ನು ಸ್ಪ್ಯಾನಿಷಿನಲ್ಲಿ ಒಂದು ಪುಟ್ಟ 'ಆ' ಮಾಡುತ್ತದೆ. 'ಕ್ಯೆರೊ ಕಫೆ', ಕಾಫಿ ಬೇಕು. 'ಕ್ಯೆರೊ ಆ ಮಿ ಮಾದ್ರೆ', ಅಮ್ಮನೆಂದರೆ ನನಗೆ ಪ್ರೀತಿ. ನಿಮ್ಮ ಮನೆಯ ಒಬ್ಬೊಬ್ಬರ ಹೆಸರು ಹಾಕಿ ಬರೆದು ಅಭ್ಯಾಸ ಮಾಡಿ, 'ಆ' ತಾನಾಗಿ ಕೂರುತ್ತದೆ.

'ತೆ ಕ್ಯೆರೊ' ಅಂದರೆ ನೀನೆಂದರೆ ನನಗೆ ಪ್ರೀತಿ; ಮನೆಯವರಿಗೂ ಆಗುತ್ತದೆ, ಗೆಳೆಯರಿಗೂ ಆಗುತ್ತದೆ. 'ತೆ ಆಮೊ' ಅದಕ್ಕಿಂತ ಗಟ್ಟಿ, ಹೆಚ್ಚಾಗಿ ಗಂಡ ಹೆಂಡತಿ, ಪ್ರೇಮಿಗಳ ಮಾತು. ಕೆಲವು ದೇಶಗಳಲ್ಲಿ ಮಕ್ಕಳಿಗೂ ಹೇಳುತ್ತಾರೆ. ವಾಟ್ಸಾಪಿನಲ್ಲಿ 'ಟಿ ಕ್ಯೂ ಎಂ' ಅಂತ ಮೂರೇ ಅಕ್ಷರ ಬಂದರೆ ಗಾಬರಿ ಬೇಡ. 'ತೆ ಕ್ಯೆರೊ ಮೂಚೊ', ನೀನೆಂದರೆ ತುಂಬ ಪ್ರೀತಿ ಅಂತ. ಗೆಳೆಯರೂ ಕಳಿಸುತ್ತಾರೆ, ನೀವೂ ಅದನ್ನೇ ತಿರುಗಿ ಕಳಿಸಿ.